ಜೋಡಿ ತಪ್ಪಿದ ಜಪಾನಿ ಹೂದಾನಿ

ಹೂದಾನಿಯನ್ನು ಎಂದೂ ಕುತ್ತಿಗೆ ಹಿಡಿದು ಎತ್ತಬಾರದು. ಒಂದು ಕೈ ಬುಡದ ಕೆಳಗೆ, ಇನ್ನೊಂದು ಹೊಟ್ಟೆಯ ಮೇಲೆ. ಕೈಯಲ್ಲಿ ಬಳೆ, ಉಂಗುರ ಇದ್ದರೆ ಮೊದಲು ತೆಗೆದಿಡಬೇಕು. ಶಿಗ್ಗಾಂವಿಯ ಅಂಗಡಿಗೆ ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಉಸ್ತಾದರು ಹೇಳಿಕೊಟ್ಟದ್ದು ಇಷ್ಟೇ. ಸಂಜೆಯವರೆಗೆ ಒಂದು ಮಣ್ಣಿನ ಹೂಜಿಯನ್ನು ಎತ್ತಿ ಇಳಿಸುವುದೇ ನನ್ನ ಕೆಲಸವಾಗಿತ್ತು.

ಒಡೆದ ಪಿಂಗಾಣಿ ಕೂಡಿಸುವ ಕೆಲಸವನ್ನು ಈಗ ಕಾಲೇಜಿನಲ್ಲಿ ಕಲಿಸುತ್ತಾರೆ. ಕಲಿತು ಬಂದ ಹುಡುಗಿಯರು ಆಗೀಗ ನನ್ನನ್ನು ಹುಡುಕಿಕೊಂಡು ಬಂದು, 'ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ?' ಎಂದು ಕೇಳುತ್ತಾರೆ. ಕೊನೆಯ ಇಪ್ಪತ್ತು ವರ್ಷ ನಾನು ಒಂದು ವಸ್ತುಸಂಗ್ರಹಾಲಯದಲ್ಲಿ ಖಾಯಂ ನೌಕರಳಾಗಿದ್ದೆ. ಆ ವರ್ಷಗಳ ಬಗ್ಗೆ ನನಗೆ ಹೇಳುವುದು ಹೆಚ್ಚೇನಿಲ್ಲ. ಕೆಲಸವಿತ್ತು, ಮಾಡಿದೆ, ಹಾರ ಹಾಕಿ ಕಳಿಸಿದರು. ಮನಸ್ಸು ಹೋಗಿ ಕೂರುವುದು ಅದಕ್ಕೂ ಮುಂಚಿನ ಹನ್ನೆರಡು ವರ್ಷಗಳಲ್ಲಿ, ಹೆದ್ದಾರಿಯ ಬದಿಯ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಅರಗು ಕಾಯಿಸಿದ ವಾಸನೆ ಇರುತ್ತಿತ್ತು. ಈಗಲೂ ಎಲ್ಲಾದರೂ ಅರಗು ಸುಟ್ಟ ವಾಸನೆ ಬಂದರೆ ನಾನು ನಡೆಯುವುದನ್ನು ನಿಲ್ಲಿಸಿಬಿಡುತ್ತೇನೆ.

ನಮ್ಮೂರು ಮಾಸೂರು. ಅಪ್ಪ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದರು. ದೀಕ್ಷೆ ತೆಗೆದುಕೊಂಡು ಬೌದ್ಧರಾಗಿದ್ದ ಅವರು ಕ್ಯಾಲೆಂಡರಿನಿಂದ ಕತ್ತರಿಸಿದ ಬುದ್ಧನ ಚಿತ್ರವೊಂದನ್ನು ಗೋಡೆಗೆ ಅಂಟಿಸಿದ್ದರು. ಅದನ್ನು ನೋಡಿ ನೋಡಿ ಸ್ಲೇಟಿನ ಮೇಲೆ ಬರೆಯುತ್ತಾ ನನಗೆ ಚಿತ್ರದ ಗೀಳು ಹತ್ತಿತು. ಹಿರೇಕೆರೂರಿನ ಹೈಸ್ಕೂಲಿನಲ್ಲಿ ಓದಿ, ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳೆರಡನ್ನೂ ಪಾಸು ಮಾಡಿದೆ. ಎಪ್ಪತ್ತರ ದಶಕದ ನಡುವಿನ ಮಾತು. ಯಾವ ಶಾಲೆಯೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಕೊನೆಗೆ ನಮ್ಮ ಡ್ರಾಯಿಂಗ್ ಮಾಸ್ತರರೇ ಶಿಗ್ಗಾಂವಿಯ ಇಸ್ಮಾಯಿಲ್ ಉಸ್ತಾದರಿಗೆ ಒಂದು ಚೀಟಿ ಬರೆದುಕೊಟ್ಟರು.

ಉಸ್ತಾದರು ಆಗ ಅರವತ್ತರ ಹತ್ತಿರದವರು. ಹಳೆಯ ಗಡಿಯಾರ, ಕನ್ನಡಿ, ಕುರ್ಚಿ, ಪಿಂಗಾಣಿ ಸಾಮಾನುಗಳನ್ನು ಮನೆಮನೆಗಳಿಂದ ಕೊಂಡು, ದುರಸ್ತಿ ಮಾಡಿ, ಹೆದ್ದಾರಿಯಲ್ಲಿ ಮುಂಬಯಿ ಕಡೆಗೆ ಹೋಗುವವರಿಗೆ ಮಾರುತ್ತಿದ್ದರು. ಅವರು ನನ್ನ ಕೈಬೆರಳುಗಳನ್ನು ನೋಡಿದರು, ಪ್ರಮಾಣಪತ್ರ ನೋಡಲಿಲ್ಲ.

"ಸವಣೂರಾಗ ಚಲೋ ಸಾಮಾನೆಲ್ಲಾ ಒಳಮನ್ಯಾಗ ಅದಾವವ್ವ," ಅಂದರು. "ನಾ ಗಂಡಸು, ಆ ಹೊಸ್ತಿಲ ದಾಟಂಗಿಲ್ಲ. ನೀ ದಾಟ್ತಿ. ಅದಕ್ಕ ನೀ ಬೇಕು."

ಅವ್ವ ಒಪ್ಪಿರಲಿಲ್ಲ. "ಹೆಣ್ಣುಹುಡುಗಿ, ಗುರುತಿಲ್ಲದ ಊರಾಗ ಎಲ್ಲಿರ್ತಾಳ?" ಎಂದು ಹಟ ಹಿಡಿದಳು. ಉಸ್ತಾದರ ಹೆಂಡತಿ ಖೈರುನ್‌ಬೀ ನನ್ನನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳುತ್ತೇನೆಂದು ಹೇಳಿಕಳಿಸಿದ ಮೇಲೆ ಅವ್ವ ಸುಮ್ಮನಾದಳು.

ಮೊದಲ ಮೂರು ತಿಂಗಳು ಅಂಟು ಮುಟ್ಟಲು ಬಿಡಲಿಲ್ಲ. ಚೂರುಗಳನ್ನು ತೊಳೆದು, ಅಂಚು ಒರೆಸಿ, ಉಸುಕು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ ಒಂದಕ್ಕೊಂದು ಹೊಂದಿಸುವುದಷ್ಟೇ. ಒಮ್ಮೆ ಕೊನೆಯ ಚೂರು ಕೂರದೆ ನಾನು ಅದನ್ನು ಒತ್ತುತ್ತಿದ್ದೆ. ಉಸ್ತಾದರು ಹಿಂದಿನಿಂದ ಬಂದು ಕೈ ಹಿಡಿದರು.

"ಕಡೀ ಚೂರು ಕುಂದರಲಿಲ್ಲಂದ್ರ ತಪ್ಪು ಅದರದಲ್ಲ. ಮೊದಲನೇದು ಕೂದಲೆಳಿಯಷ್ಟು ಸೊಟ್ಟ ಕುಂತಿರ್ತೈತಿ. ಬಿಚ್ಚು. ಮೊದಲಿಂದ ಮಾಡು."

ಈ ಮಾತನ್ನು ನಾನು ಆಮೇಲೆ ನನ್ನ ಕೈಕೆಳಗೆ ಬಂದ ಎಲ್ಲರಿಗೂ ಹೇಳಿದ್ದೇನೆ. ಇದಕ್ಕಿಂತ ದೊಡ್ಡ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ನಮ್ಮ ಸೀಮೆಗೆ ಜಪಾನಿ ಹೂದಾನಿಗಳು ಹೇಗೆ ಬಂದವು ಎಂದು ಈಗಿನವರು ಆಶ್ಚರ್ಯಪಡುತ್ತಾರೆ. ಅರಳೆಯ ಹಿಂದೆ ಬಂದವು. ನಮ್ಮ ಕಡೆಯ ಅರಳೆ ಮುಂಬಯಿಗೆ ಹೋಗುತ್ತಿತ್ತು, ಅಲ್ಲಿಂದ ಜಪಾನಿಗೆ ಹಡಗು ಹತ್ತುತ್ತಿತ್ತು. ಹಾನಗಲ್ಲ, ಹಿರೇಕೆರೂರಿನ ವ್ಯಾಪಾರಿಗಳು ಮುಂಬಯಿಗೆ ಹೋದಾಗ ಕೆಲವರಿಗೆ ಅಲ್ಲಿನ ಜಪಾನಿ ದಲಾಲರು ಹೂದಾನಿ ಉಡುಗೊರೆ ಕೊಟ್ಟರು. ಕೆಲವರು ಅಂಗಡಿಯಲ್ಲಿ ನೋಡಿ ಮರುಳಾಗಿ ತಂದರು. ಸವಣೂರಿನ ಜಹಗೀರುದಾರ ಮನೆತನಗಳು ಮದುವೆಗೆಂದು ತರಿಸಿದವು. ಹೊರದೇಶದವರ ಕಣ್ಣಿಗೆ ಹಿಡಿಸಲಿ ಎಂದೇ ಜಪಾನಿನವರು ಮಾಡಿ ಕಳಿಸುತ್ತಿದ್ದ ಸಾಮಾನು ಅದು. ಮೈತುಂಬ ಬಂಗಾರ, ಕೆಂಪು, ನವಿಲು, ಹೆಂಗಸರು, ಸನ್ಯಾಸಿಗಳು. ತಮ್ಮ ಸ್ವಂತ ಮನೆಗಳಲ್ಲಿ ಅವರು ಇಷ್ಟು ಬಣ್ಣ ಇಟ್ಟುಕೊಳ್ಳುವುದಿಲ್ಲವಂತೆ. ಅದನ್ನು ಓದಿದಾಗ ನನಗೆ ಏಕೋ ಬೇಸರವಾಗಿತ್ತು.

ಬಹಳಷ್ಟು ಹೂದಾನಿಗಳನ್ನು ಜೋಡಿಯಾಗಿಯೇ ಮಾಡುತ್ತಿದ್ದರು. ಒಂದರ ಚಿತ್ರ ಇನ್ನೊಂದಕ್ಕೆ ಕನ್ನಡಿಯಲ್ಲಿ ಕಂಡ ಹಾಗೆ. ಒಂದರಲ್ಲಿ ಹಕ್ಕಿ ಬಲಕ್ಕೆ ನೋಡಿದರೆ, ಇನ್ನೊಂದರಲ್ಲಿ ಎಡಕ್ಕೆ. ಪಕ್ಕಪಕ್ಕ ಇಟ್ಟರೆ ಅವು ಒಂದನ್ನೊಂದು ನೋಡುತ್ತವೆ. ನಮ್ಮ ಅಂಗಡಿಗೆ ಬರುತ್ತಿದ್ದುದು ಹೆಚ್ಚಾಗಿ ಒಂಟಿ ಹೂದಾನಿಗಳೇ. ಅಣ್ಣತಮ್ಮಂದಿರು ಪಾಲಾದಾಗ ಒಂದೊಂದು ಹಂಚಿಕೊಂಡಿರುತ್ತಿದ್ದರು.

ನಾನು ಮಾಡಿದ ದೊಡ್ಡ ತಪ್ಪಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಹಾನಗಲ್ಲಿನ ಅರಳೆ ಶೆಟ್ಟರ ಮನೆಯಿಂದ ಒಂದು ಹೂದಾನಿ ಬುಡ ಸೀಳಿಕೊಂಡು ದುರಸ್ತಿಗೆ ಬಂತು. ಕಟ್ಟುನಿಟ್ಟಾಗಿ ಹೇಳಿದರೆ ಅದು ಪಿಂಗಾಣಿಯಲ್ಲ. ಸತ್ಸುಮಾ ಎನ್ನುವ, ಕೆನೆ ಬಣ್ಣದ, ಮೈಯೆಲ್ಲ ಕೂದಲೆಳೆಯಂಥ ಬಿರುಕಿನ ಬಲೆ ಇರುವ ಸುಟ್ಟ ಮಣ್ಣಿನ ಜಾತಿ. ಬೆರಳಿನಿಂದ ತಟ್ಟಿದರೆ ಪಿಂಗಾಣಿ ಗಂಟೆಯಂತೆ ನಾದ ಕೊಡುತ್ತದೆ, ಇದು ಮಂದವಾಗಿ 'ಟಕ್' ಅನ್ನುತ್ತದೆ. ಅದರ ಮೇಲೆ ಹದಿನಾರು ಮಂದಿ ಬೋಳುತಲೆಯವರು ಕೂತಿದ್ದರು, ಪ್ರತಿಯೊಬ್ಬರ ತಲೆಯ ಹಿಂದೆ ಬಂಗಾರದ ಪ್ರಭಾವಳಿ. ಶೆಟ್ಟರ ಮನೆಯವರು ಅವರನ್ನು ಋಷಿಗಳೆಂದು ತಿಳಿದು, ಹೂದಾನಿಗೆ ಪ್ರತಿ ಸೋಮವಾರ ವಿಭೂತಿ ಹಚ್ಚುತ್ತಿದ್ದರು. ಅದನ್ನು ತರಲು ಹೋದಾಗ ನನ್ನ ಊರು, ಮನೆತನ ಕೇಳಿ, ಕಟ್ಟೆಯ ಮೇಲೆಯೇ ಕೂರಿಸಿ, ಹೂದಾನಿಯನ್ನು ಹೊರಗೆ ತಂದುಕೊಟ್ಟಿದ್ದರು.

ಅದೇ ವಾರ ಅಪ್ಪ ನನ್ನನ್ನು ನೋಡಲು ಶಿಗ್ಗಾಂವಿಗೆ ಬಂದರು. ಮೇಜಿನ ಮೇಲಿದ್ದ ಹೂದಾನಿಯನ್ನು ಕಂಡವರು ಚಪ್ಪಲಿ ಬಿಟ್ಟು ಹತ್ತಿರ ಹೋದರು.

"ಇವ್ರು ಭಿಕ್ಕುಗೋಳು, ಕಮಲಾ," ಅಂದರು. "ಬುದ್ಧನ ಶಿಷ್ಯರು. ಎಲ್ಲಿಂದ ಬಂದಾರ?"

"ಜಪಾನಿಂದ, ಅಪ್ಪಾ."

"ಅಷ್ಟು ದೂರದಿಂದ," ಎಂದು ಕೈ ಮುಗಿದರು. ಹೊಲದ ಕೆಸರು ಉಗುರಿನಿಂದ ಎಂದೂ ಹೋಗದ ಕೈಗಳು ಅವು. ಬಹಳ ಹೊತ್ತು ನಿಂತಿದ್ದರು. ಹೋಗುವಾಗ, "ಸ್ವಲ್ಪ ಹೊಲಸಾಗ್ಯಾರ. ಚಂದಗೆ ತೊಳಿ," ಎಂದು ಹೇಳಿ ಹೋದರು.

ಆ ಮಾತಿಗಾಗಿ ತೊಳೆದೆ. ಉಸ್ತಾದರು ಹುಬ್ಬಳ್ಳಿಗೆ ಹೋಗಿದ್ದರು. ವಿಭೂತಿ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ, ತೆಂಗಿನ ನಾರಿನಿಂದ ಉಜ್ಜಿದೆ. ವಿಭೂತಿ ಹೋಯಿತು. ಅದರ ಜೊತೆಗೆ ಬಂಗಾರವೂ ಹೋಯಿತು. ಈ ಬಂಗಾರ ಗಾಜಿನಂಥ ಹೊಳಪು ಲೇಪದ ಒಳಗಿರುವುದಿಲ್ಲ, ಮೇಲೆ ಕೂತಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನೀರು ಚೆಲ್ಲಿ ನೋಡಿದಾಗ ಒಂಬತ್ತು ಮಂದಿಯ ತಲೆಯ ಹಿಂದೆ ಬರೀ ಕೆನೆ ಬಣ್ಣ.

ಉಸ್ತಾದರು ಬಂದು ನೋಡಿದರು, ಬೈಯಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಹಾನಗಲ್ಲಿನ ಬಸ್ಸು ಹತ್ತಿದರು. ಶೆಟ್ಟರ ಮನೆಯ ಮುಂದೆ ನಿಂತು, "ನೀನ ಹೇಳು," ಅಂದರು. ಹೇಳಿದೆ. ಶೆಟ್ಟರು ಕೆಂಡವಾದರು. "ಇಂಥೋರ ಕೈಯಾಗ ಕೊಟ್ರ ಹಿಂಗ ಆಗೋದು," ಅಂದರು. ಉಸ್ತಾದರು ನನ್ನ ಮುಂದೆ ಬಂದು ನಿಂತರು.

"ಶೆಟ್ರ, ತಪ್ಪು ಕೈದು. ಬ್ಯಾರೆ ಯಾವುದ್ದೂ ಅಲ್ಲ. ಕೈ ನಂದು ಅಂತ ತಿಳೀರಿ," ಅಂದರು.

ಆಗ ಬಾಗಿಲ ಹಿಂದೆ ನಿಂತಿದ್ದ ಶೆಟ್ಟರ ತಾಯಿ ಹೊರಗೆ ಬಂದು, ಹೂದಾನಿಯನ್ನು ಮಡಿಲಿಗೆ ತೆಗೆದುಕೊಂಡು, ಋಷಿಗಳ ಮುಖ ಒಂದೊಂದಾಗಿ ನೋಡುತ್ತಾ ಹೋದರು. "ಪ್ರಭಾವಳಿ ಹೋದ್ರ ಋಷಿಗೋಳು ಋಷಿಗೋಳಲ್ಲೇನು? ಒಳಗ ಬಾರವ್ವ, ನೀರ ಕುಡದು ಹೋಗು," ಅಂದರು. ಶೆಟ್ಟರು ಪಕ್ಕಕ್ಕೆ ಸರಿದರು. ಹಾನಗಲ್ಲಿನ ಆ ಮನೆಯ ಒಳಗೆ ನಾನು ಮೊದಲ ಸಲ ಹೋದದ್ದು ನನ್ನ ತಪ್ಪಿನ ದೆಸೆಯಿಂದ.

ಮರಳಿ ಬರುವಾಗ ಉಸ್ತಾದರು ಬಸ್ಸಿನಲ್ಲಿ ಹೇಳಿದರು: "ಇನ್ನ ಮ್ಯಾಲೆ ಹತ್ತಿ, ಉಗುರುಬೆಚ್ಚಗಿನ ನೀರು, ಅಷ್ಟ. ಹೊಲಸು ಉಳಿದ್ರ ಉಳೀಲಿ."

ಸವಣೂರಿನ ಜುಬೇದಾ ಬೇಗಂ ಅವರ ಹೂದಾನಿ ಬಂದದ್ದು ಇದಾಗಿ ಮೂರ್ನಾಲ್ಕು ವರ್ಷಗಳ ಮೇಲೆ. ಅಷ್ಟರಲ್ಲಿ ಕೆಲಸದ ರೀತಿ ಬದಲಾಗತೊಡಗಿತ್ತು. ಉಸ್ತಾದರ ತಂದೆಯ ಕಾಲದಲ್ಲಿ ಒಡೆದ ಪಿಂಗಾಣಿಗೆ ಅಂಚಿನ ಎರಡೂ ಬದಿ ಸಣ್ಣ ತೂತು ಕೊರೆದು, ತಾಮ್ರದ ತಂತಿಯ ಹೊಲಿಗೆ ಹಾಕುತ್ತಿದ್ದರು. ಉಸ್ತಾದರು ಅದನ್ನೂ ಬಲ್ಲರು, ಅರಗಿನ ಅಂಟನ್ನೂ ಬಲ್ಲರು. ಈಗ ಎರಡು ಕೊಳವೆಯ ಹೊಸ ಅಂಟು ಬಂದಿತ್ತು. ಎರಡನ್ನೂ ಕಲಸಿ ಹಚ್ಚಿದರೆ ಕಲ್ಲಿನಂತೆ ಹಿಡಿಯುತ್ತಿತ್ತು. "ಇದು ಬಿಡೋದ ಇಲ್ಲ. ಬಿಡದಿದ್ದದ್ದು ಚಲೋ ಅಲ್ಲ. ನಾಳೆ ನಮ್ಮ ತಪ್ಪು ತಿದ್ದೋರು ಹೆಂಗ ಬಿಚ್ಚಬೇಕು?" ಎಂದು ಉಸ್ತಾದರು ಗೊಣಗುತ್ತಿದ್ದರು. ಆದರೆ ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ತೂತು ಕೊರೆಯುವ ಕೆಲಸ ಇನ್ನು ಅವರಿಂದ ಸಾಧ್ಯವಿರಲಿಲ್ಲ. ಸಣ್ಣ ಕೆಲಸವೆಲ್ಲ ನನ್ನ ಕೈಗೆ ಬಂತು.

ಬೇಗಂ ಅವರದು ವೀಳ್ಯದೆಲೆ ತೋಟಗಳ ದಾರಿಯಲ್ಲಿ ಒಂದು ಹಳೆಯ ವಾಡೆ, ದೊಡ್ಡ ಮನೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಂಡನ ಅಣ್ಣನ ಮಗ ಮನೆ ನೋಡಿಕೊಳ್ಳುತ್ತಿದ್ದ. ಒಳಮನೆಗೆ ಕರೆದು ಚಾಪೆ ಹಾಸಿ, ಒಂದು ಬಟ್ಟೆಯ ಗಂಟು ಬಿಚ್ಚಿದರು. ಅದು ಅಪ್ಪಟ ಪಿಂಗಾಣಿ. ಈಗ ಪುಸ್ತಕ ನೋಡಿ ಹೇಳಬಲ್ಲೆ, ಜಪಾನಿನ ಕುತಾನಿ ಎಂಬ ಸೀಮೆಯ ಕೆಲಸ. ಕೆಂಪು ಮತ್ತು ಬಂಗಾರ. ಮೈಮೇಲೆ ಬರೆದ ತೋಟದಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ನಿಂತಿದ್ದಾಳೆ. ಮನೆಯ ಬೆಕ್ಕು ಹಾರಿ ಹೂದಾನಿಯನ್ನು ಬೀಳಿಸಿತ್ತು. ಕುತ್ತಿಗೆಯ ಭಾಗ ನಾಲ್ಕು ಚೂರು. ಹೆಂಗಸಿನ ಮುಖವಿದ್ದ ಚೂರು ಮಾತ್ರ ಪುಡಿಯಾಗಿ ಹೋಗಿತ್ತು.

"ಮುಖ ಬರೀತಿಯೇನು, ಬೇಟಿ?" ಎಂದು ಕೇಳಿದರು.

"ಹೆಂಗಿತ್ರೀ ಮುಖ?"

ಅವರಿಗೆ ಹೇಳಲಾಗಲಿಲ್ಲ. ಐವತ್ತು ವರ್ಷ ದಿನಾ ನೋಡಿದ ಮುಖ. "ಆಕಡೆ ನೋಡ್ತಿದ್ಲು," ಎಂದು ಬಲಗಡೆಗೆ ಕೈ ತೋರಿಸಿದರು. ಗಂಟಿನ ಬಟ್ಟೆ ಮಡಿಸುತ್ತಾ, "ಇದರ ಜೋಡಿ ನನ್ನ ತಂಗಿ ಕಡೆ ಐತಿ. ಹಿರೇಕೆರೂರಾಗ. ಅಮ್ಮಾ ನಮಗ ಒಂದೊಂದು ಕೊಟ್ಟಿದ್ರು," ಅಂದರು.

ಹೊರಡುವಾಗ ಮನೆಯ ಅಡುಗೆಯವಳು ಬಾಗಿಲವರೆಗೆ ಬಂದು ಉಳಿದದ್ದನ್ನು ಹೇಳಿದಳು. ತಂಗಿ ಹಸೀನಾ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಮನೆಯವರನ್ನು ಕೇಳದೆ ಹಿರೇಕೆರೂರಿನ ಒಬ್ಬ ಬಳೆಗಾರನನ್ನು ಮದುವೆಯಾಗಿದ್ದರು. ಬೇಗಂ ಅವರ ಗಂಡ ಆ ಹೆಸರನ್ನೇ ಮನೆಯಲ್ಲಿ ಎತ್ತಕೂಡದೆಂದರು. ತಾಯಿ ತೀರಿದಾಗಲೂ ಹಸೀನಾಗೆ ಸುದ್ದಿ ಕಳಿಸಲಿಲ್ಲ. ಎರಡು ತಿಂಗಳ ಮೇಲೆ ಸಂತೆಯಲ್ಲಿ ಯಾರೋ ಹೇಳಿ ತಿಳಿಯಿತಂತೆ. ಅಂದಿನಿಂದ ಇಪ್ಪತ್ತೇಳು ವರ್ಷ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಉಸ್ತಾದರಿಗೆ ಹೇಳಿದೆ. "ಮನಸ್ಸಿಗೆ ಬಂದಂಗ ಮುಖ ಬರೀಬ್ಯಾಡ. ಜೋಡಿ ಇದ್ರ ಜೋಡಿ ನೋಡಿ ಬರಿ. ಆದ್ರ ಅವರ ಮನಿ ಜಗಳದಾಗ ಬಾಯಿ ಹಾಕಬ್ಯಾಡ. ನಾವು ಚೂರು ಕೂಡಿಸೋರು," ಅಂದರು.

ಊರಿಗೆ ಹೋಗುವ ನೆಪದಲ್ಲಿ ಹಿರೇಕೆರೂರಿನಲ್ಲಿ ಇಳಿದೆ. ಸಂತೆಯ ಬೀದಿಯಲ್ಲಿ ಹಸೀನಾ ಅವರ ಬಳೆ ಅಂಗಡಿ. ಎರಡನೆಯ ಗಂಡನೂ ಹೋಗಿ, ಅವರೇ ಅಂಗಡಿ ನಡೆಸುತ್ತಿದ್ದರು. ನಾನು ಬಂದ ಕಾರಣ ಹೇಳಿದೊಡನೆ ಅವರ ಮುಖ ಬಿಗಿಯಿತು.

"ಅವ್ರ ಹೂದಾನಿ ಒಡದ್ರ ನನಗೇನವಾ? ಬಳಿ ಇಟ್ಕೊಳ್ಳೋದಿದ್ರ ಕೈ ಕೊಡು, ಇಲ್ಲಾಂದ್ರ ಜಾಗಾ ಬಿಡು. ಗಿರಾಕಿ ನಿಂತಾರ."

ಬಳೆ ಇಡಿಸಿಕೊಂಡೆ. ಮುಂದಿನ ತಿಂಗಳು ಮತ್ತೆ ಹೋಗಿ ಮತ್ತೆ ಇಡಿಸಿಕೊಂಡೆ. ಆ ಸಲ ಅವರು ನನ್ನ ಅಂಗೈ ಒತ್ತಿ ಬಳೆ ಏರಿಸುತ್ತಾ, ತಲೆ ಎತ್ತದೆ ಕೇಳಿದರು: "ಆ ವಾಡೆದಾಗ ಹಿತ್ತಲ ಬಾವಿ ಐತೇನು ಇನ್ನಾ?"

"ಐತ್ರಿ. ನೀರು ಸೇದ್ತಾರ."

"ಹೂಂ," ಅಂದರು.

ಮೂರನೆಯ ಸಲ ಹೋದಾಗ ಅಂಗಡಿ ಮುಚ್ಚಿ ಮನೆಗೆ ಕರೆದೊಯ್ದರು. ಟ್ರಂಕಿನಿಂದ, ಹಳೆಯ ಸೀರೆಯಲ್ಲಿ ಸುತ್ತಿದ್ದ ಹೂದಾನಿ ತೆಗೆದರು. ಒಂದು ಗೆರೆ ಕೂಡ ಬಿದ್ದಿರಲಿಲ್ಲ. ಎಣ್ಣೆ ಕಾಗದ ಅದರ ಮೇಲಿಟ್ಟು, ಹೆಂಗಸಿನ ಮುಖವನ್ನು ಸೀಸಕಡ್ಡಿಯಿಂದ ಗೆರೆಗೆರೆಯಾಗಿ ಎತ್ತಿಕೊಂಡೆ. ಕಾಗದ ತಿರುವಿ ಹಾಕಿದರೆ ಎಡಕ್ಕೆ ನೋಡುವವಳು ಬಲಕ್ಕೆ ನೋಡುತ್ತಾಳೆ, ನನಗೆ ಬೇಕಾದದ್ದು ಅದು. ಹಸೀನಾ ಅವರು ಮಧ್ಯಾಹ್ನವಿಡೀ ಎದುರು ಕೂತು ನೋಡಿದರು. ಒಮ್ಮೆಯೂ ಅಕ್ಕನ ಹೆಸರೆತ್ತಲಿಲ್ಲ. ಹೊರಡುವಾಗ ಮಾತ್ರ, "ನಾ ತೋರಿಸಿದ್ದು ಅಂತ ಹೇಳಬ್ಯಾಡ," ಅಂದರು. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಆ ಮುಖಕ್ಕೆ ನಾನು ಇಪ್ಪತ್ತು ದಿನ ತೆಗೆದುಕೊಂಡೆ. ಕಳೆದುಹೋದ ಚೂರಿನ ಜಾಗಕ್ಕೆ ಪ್ಲಾಸ್ಟರ್ ತುಂಬಿ, ಉಜ್ಜಿ ನುಣುಪು ಮಾಡಿ, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಹುಬ್ಬು, ಕಣ್ಣು, ತುಟಿ. ಉಸ್ತಾದರು ಬೆರಳಿನಿಂದ ತಡವಿ, "ಗೊತ್ತಾಗೋದಿಲ್ಲ," ಅಂದರು. ಅವರ ಬಾಯಿಂದ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದು.

ಸವಣೂರಿಗೆ ಒಯ್ದೆ. ಬೇಗಂ ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ಇಕಿ ಮುಖ ಅಲ್ಲ," ಅಂದರು.

"ತಪ್ಪಾತೇನ್ರಿ?"

"ಇಕಿ ತುಟಿ ಮುಚ್ಚಿತ್ತು. ತಂಗಿ ಹೂದಾನ್ಯಾಗಿನ ಹೆಂಗ್ಸಿಂದು ಸ್ವಲ್ಪ ತೆರದಿತ್ತು, ನಗೋಹಂಗ. ಸಣ್ಣಾಕಿದ್ದಾಗ ನನಗ ಅದ ಬೇಕು ಅಂತ ಅತ್ತಿದ್ದೆ. ಅಮ್ಮಾ ಆಕಿಗೆ ಕೊಟ್ರು."

ಎರಡನ್ನೂ ಕೈಯಿಂದ ಬರೆದದ್ದು, ಕನ್ನಡಿಯಂತಿದ್ದರೂ ಕೂದಲಷ್ಟು ವ್ಯತ್ಯಾಸವಿರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೇಗಂ ನನ್ನತ್ತ ತಿರುಗಿದರು.

"ನೀ ಹೋಗಿದ್ದಿ ಅಲ್ಲಿಗೆ."

ನಾನು ತಲೆ ತಗ್ಗಿಸಿದೆ. ಕೊಟ್ಟ ಮಾತು ಮುರಿಯದೆ ಮುರಿದಿತ್ತು.

"ಕೂದ್ಲಾ ಬೆಳ್ಳಗಾಗ್ಯಾವೇನು ಆಕೀವು?"

"ಪೂರಾ ಬೆಳ್ಳಗ, ಬೇಗಂಸಾಬ್."

ಅವರು ಹೂದಾನಿಯನ್ನು ನೆಲಕ್ಕಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಚಾಪೆಯ ಅಂಚು ಹಿಡಿದು ಕೂತೆ. ಒಳಗೆ ಯಾರೋ ಮಸಾಲೆ ಕುಟ್ಟುವ ಸದ್ದು. ಮುಖ ತೆಗೆದಾಗ ಅವರ ದನಿ ಬೇರೆಯಾಗಿತ್ತು. "ಹಿರೇಕೆರೂರಿಗೆ ಬಸ್ಸು ಎಷ್ಟಕ್ಕ ಬಿಡ್ತೈತಿ?"

ಅವರು ಅಲ್ಲಿಯವರೆಗೆ ಸರಕಾರಿ ಬಸ್ಸು ಹತ್ತಿದವರಲ್ಲ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಅಂದು ಸಂತೆ. ಬಳೆ ಅಂಗಡಿಯ ಮುಂದೆ ಹೆಂಗಸರ ಗುಂಪು. ಹಸೀನಾ ಅವರ ಕೈಯಲ್ಲಿ ಒಬ್ಬ ಮದುಮಗಳ ಕೈ ಇತ್ತು. ಬುರ್ಖಾದ ಮುಸುಕು ಎತ್ತಿದ ಅಕ್ಕನನ್ನು ಕಂಡರು. ಕೈ ನಿಲ್ಲಲಿಲ್ಲ. "ಕುಂದರ್ರಿ. ಈ ಕೈ ಮುಗಸ್ತೇನಿ," ಅಂದರು. ಎರಡೂ ಕೈಗೆ ಒಂದೊಂದು ಡಜನ್ ಹಸಿರು ಬಳೆ ತುಂಬುವವರೆಗೆ ಬೇಗಂ ಸಂತೆಯ ಧೂಳಿನಲ್ಲಿ, ಒಂದು ಗೋಣಿಚೀಲದ ಮೇಲೆ ಕೂತಿದ್ದರು.

ಮದುಮಗಳು ಎದ್ದು ಹೋದಳು. ಹಸೀನಾ ಅಂದರು: "ಅಮ್ಮನ ಮಣ್ಣಿಗೆ ನನ್ನ ಕರೀಲಿಲ್ಲ ನೀ."

"ಕರೀಲಿಲ್ಲ."

"ಅವ್ರು ಬ್ಯಾಡ ಅಂದಿರಬೇಕು."

"ಅವ್ರು ಬ್ಯಾಡ ಅಂದ್ರು. ಆದ್ರ ಆಳಿನ ಕೈಲೆ ಒಂದು ಮಾತು ಹೇಳಿ ಕಳಸಬಹುದಿತ್ತು. ಕಳಸಲಿಲ್ಲ. ಹೆದರಿದೆ, ಹಸೂ."

ಹಸೀನಾ ಬಳೆಗಳನ್ನು ದಾರಕ್ಕೆ ಪೋಣಿಸುತ್ತಾ ಕೂತರು. ಕೊನೆಗೆ, "ರೊಟ್ಟಿ ಮಾಡೇನಿ. ಉಂಡು ಹೋಗು. ನಾಕರ ಬಸ್ಸೈತಿ," ಅಂದರು.

ಕ್ಷಮಿಸಿದೆ ಎಂದು ಅವರು ಅಂದು ಹೇಳಲಿಲ್ಲ; ನನ್ನ ಎದುರಿಗೆ ಮುಂದೆಂದೂ ಹೇಳಲಿಲ್ಲ. ಆದರೆ ಎರಡು ತಿಂಗಳ ಮೇಲೆ ಬೇಗಂ ಮತ್ತೆ ನನ್ನನ್ನು ಕರೆಸಿದರು, ಮತ್ತೆ ಹೋದೆವು. ಆಮೇಲೆ ಅವರೊಬ್ಬರೇ ಬಸ್ಸು ಹತ್ತುವುದನ್ನು ಕಲಿತರು. ತಂಗಿಗೆಂದು ಸವಣೂರಿನ ಖಾರಾ ತಿನಿಸಿನ ಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದರು. ಹಸೀನಾ ಮಾತ್ರ ಸವಣೂರಿಗೆ ಬರಲಿಲ್ಲ. "ಕರೀದ ಮನಿಗೆ ನಾ ಬರಂಗಿಲ್ಲ," ಎನ್ನುತ್ತಿದ್ದರು. ಅಕ್ಕ ಕರೆದರೂ, ಗಂಡಸರು ಕರೆಯಬೇಕು ಎಂಬ ಹಟ. ಬೇಗಂ ಒಂದು ದಿನ ನನ್ನ ಕೈ ಹಿಡಿದು ಅಂದರು: "ಕಮಲಾ, ನಾ ಹೋದಾಗ ನೀ ಹೋಗಿ ಹೇಳಬೇಕು ಆಕಿಗೆ. ಬ್ಯಾರೆ ಯಾರನ್ನೂ ನಂಬಂಗಿಲ್ಲ ನಾ."

ನಾಲ್ಕೈದು ವರ್ಷ ಹೀಗೆ ನಡೆಯಿತು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಬೆಳಗಿನ ಎಂಟರ ಹೊತ್ತಿಗೆ ವಾಡೆಯ ಅಡುಗೆಯವಳ ಗಂಡ ಸೈಕಲ್ ತುಳಿದುಕೊಂಡು ಅಂಗಡಿಗೆ ಬಂದ. ಬೇಗಂ ನಸುಕಿನಲ್ಲಿ ತೀರಿಕೊಂಡಿದ್ದರು. ಮಧ್ಯಾಹ್ನದ ನಮಾಜಿನ ಹಿಂದೆಯೇ ದಫನ ಎಂದು ಮನೆಯವರು ನಿಶ್ಚಯಿಸಿದ್ದರು. ಹಿರೇಕೆರೂರಿಗೆ ಹೋಗಿ ಬರಲು ಆ ಹೊತ್ತು ಸಾಲದು.

ನಾನು ಅಳುತ್ತಾ ನಿಂತಿದ್ದೆ. ಉಸ್ತಾದರು ಕೋಲು ಹುಡುಕಿಕೊಂಡರು. ಆ ಹೊತ್ತಿಗೆ ಅವರಿಗೆ ಬೆಳಕು-ನೆರಳು ಬಿಟ್ಟು ಏನೂ ಕಾಣುತ್ತಿರಲಿಲ್ಲ.

"ನೀ ಹಾವೇರಿ ಬಸ್ಸು ಹಿಡಿ," ಅಂದರು. "ನಾ ಇವನ ಸೈಕಲ್ ಹಿಂದ ಕುಂತು ಸವಣೂರಿಗೆ ಹೋಗ್ತೇನಿ."

"ನೀವು ಹೋಗಿ ಏನ ಮಾಡ್ತೀರಿ?"

"ಬಾಗಿಲದಾಗ ಕುಂದರ್ತೇನಿ. ಮುದುಕನ್ನ ತುಳದು ಜನಾಜಾ ಎತ್ತತಾರೇನು?"

ಮನೆಯ ಜಗಳದಲ್ಲಿ ಬಾಯಿ ಹಾಕಬೇಡ ಎಂದಿದ್ದವರು ಅವರೇ.

ಹಿರೇಕೆರೂರು ಮುಟ್ಟಿದಾಗ ಹನ್ನೊಂದು ದಾಟಿತ್ತು. ನನ್ನ ಮುಖ ನೋಡಿದೊಡನೆ ಹಸೀನಾಗೆ ತಿಳಿಯಿತು. ಅಂಗಡಿಯ ಹಲಗೆ ಹಾಕದೆ ಎದ್ದುಬಂದರು. ಮಧ್ಯಾಹ್ನ ಒಂದು ಗಂಟೆಯವರೆಗೆ ಬಸ್ಸು ಇರಲಿಲ್ಲ. ಅರಳೆ ಹೇರಿಕೊಂಡು ಹಾವೇರಿಗೆ ಹೊರಟಿದ್ದ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದೆ. ಚಾಲಕನಿಗೆ ವಿಷಯ ಹೇಳಿದೆ; ಆತ ಏನೂ ಕೇಳದೆ ಬಾಗಿಲು ತೆಗೆದ. ಹಾವೇರಿಯಲ್ಲಿ ನಿಲ್ಲಿಸದೆ ಸವಣೂರಿನವರೆಗೂ ತಂದುಬಿಟ್ಟ. ಅವನ ಹೆಸರು ಕೇಳುವುದು ಮರೆತೆ. ಇಂದಿಗೂ ಅದೊಂದು ಕೊರತೆ ನನಗೆ.

ವಾಡೆಯ ಮುಂದೆ ಜನ ತುಂಬಿದ್ದರು. ಹೊಸ್ತಿಲಿನ ಮೇಲೆ, ಬಿಸಿಲಿನಲ್ಲಿ, ಉಸ್ತಾದರು ಕೋಲನ್ನು ಅಡ್ಡ ಇಟ್ಟುಕೊಂಡು ಕೂತಿದ್ದರು. ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲವಂತೆ. ಬೈದವರಿದ್ದರು, ಕೈ ಹಿಡಿದು ಎಬ್ಬಿಸಲು ನೋಡಿದವರಿದ್ದರು. "ಆಕಿ ತಂಗಿ ಬರೋವರೆಗೂ ಏಳಂಗಿಲ್ಲ," ಎಂದಷ್ಟೇ ಹೇಳುತ್ತಿದ್ದರಂತೆ. ಮಧ್ಯಾಹ್ನದ ನಮಾಜು ಕಳೆದು, ಕೊನೆಗೆ ಹಿರಿಯರೊಬ್ಬರು ಸಂಜೆಯ ನಮಾಜಿನವರೆಗೆ ಕಾಯೋಣವೆಂದಿದ್ದರು.

ನಮ್ಮ ಹೆಜ್ಜೆಯ ಸಪ್ಪಳ ಕೇಳಿ ಉಸ್ತಾದರು ತಲೆ ಎತ್ತಿದರು. "ಬಂದ್ಯಾ ಕಮಲಾ?"

"ಬಂದ್ವಿ ಉಸ್ತಾದ್."

ಕೋಲು ತೆಗೆದು ದಾರಿ ಬಿಟ್ಟರು. ಆಗ ವಾಡೆ ನೋಡಿಕೊಳ್ಳುತ್ತಿದ್ದ, ಬೇಗಂ ಅವರ ಗಂಡನ ಅಣ್ಣನ ಮಗ ಮುಂದೆ ಬಂದ. ಏನೋ ಹೇಳಲು ಬಾಯಿ ತೆರೆದು, ಬಿಳಿಗೂದಲಿನ ಆ ಹೆಂಗಸನ್ನು ನೋಡಿ, "ಒಳಗ ಬರ್ರಿ, ಚಿಕ್ಕಮ್ಮಾ," ಅಂದ. ಮೂವತ್ತೆರಡು ವರ್ಷಗಳ ಮೇಲೆ ಹಸೀನಾ ಆ ಹೊಸ್ತಿಲು ದಾಟಿದರು.

ಹೂದಾನಿಗಳು ಏನಾದವು ಎಂದು ಕೇಳುವವರಿಗೆ: ಬೇಗಂ ಅವರದನ್ನು ಮರುವರ್ಷ ಮನೆಯವರು ಮುಂಬಯಿಯವರಿಗೆ ಕೊಟ್ಟರು. ನಾನು ಬರೆದ ಆ ಮುಖ ಈಗ ಯಾವ ದೇಶದ ಯಾವ ಗೋಡೆಯನ್ನು ನೋಡುತ್ತಿದೆಯೋ. ಹಸೀನಾ ಅವರದು ಅವರೊಡನೆಯೇ ಇತ್ತು, ಆಮೇಲಿನದು ನನಗೆ ತಿಳಿಯದು. ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಭಾಗ್ಯ ನನಗೆ ಬರಲಿಲ್ಲ. ಉಸ್ತಾದರು ಎರಡು ವರ್ಷ ಬಿಟ್ಟು ಹೋದರು, ಅಂಗಡಿ ಮುಚ್ಚಿತು. ವಸ್ತುಸಂಗ್ರಹಾಲಯದಲ್ಲಿ ನನ್ನ ಮೇಜಿನ ಮೇಲೆ ಎಷ್ಟೋ ಜಪಾನಿ ಹೂದಾನಿಗಳು ಬಂದವು. ಪ್ರತಿಯೊಂದು ಬಂದಾಗಲೂ ಮೊದಲು ಅದರ ಹೆಂಗಸಿನ ತುಟಿ ನೋಡುತ್ತಿದ್ದೆ.

ದಫನವಾದ ನಾಲ್ಕನೆಯ ದಿನ ಹಸೀನಾ ಅವರನ್ನು ಬಸ್ಸು ಹತ್ತಿಸಲು ನಾನು ಸವಣೂರಿನ ನಿಲ್ದಾಣಕ್ಕೆ ಹೋಗಿದ್ದೆ. ಕಲ್ಲಿನ ಬೆಂಚಿನ ಮೇಲೆ ಕೂತಿದ್ದೆವು. ಎದುರಿಗೆ ವೀಳ್ಯದೆಲೆಯ ಪೆಂಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹೇರುತ್ತಿದ್ದರು. ಅವರು ಅಳಲಿಲ್ಲ. ಮನೆಯಲ್ಲಿ ಯಾರು ಹೇಗೆ ನೋಡಿಕೊಂಡರು, ಬಾವಿಯ ಹಗ್ಗ ಬದಲಿಸಬೇಕು, ಇಂಥ ಮಾತುಗಳನ್ನೇ ಆಡುತ್ತಿದ್ದರು. ಹಾವೇರಿಯ ಬಸ್ಸು ಬಂತು. ಎದ್ದು, ಚೀಲ ತೆಗೆದುಕೊಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು.

"ಊರಾಗ ಎಲ್ಲಾರೂ ನನಗ ಬಳಿಗಾರ ಹಸೀನಮ್ಮ ಅಂತಾರ," ಅಂದರು. "ಹಸೂ ಅಂತಿದ್ದಾಕಿ ಅಕ್ಕ ಒಬ್ಬಾಕಿನ."

ಕಂಡಕ್ಟರ್ ಸೀಟಿ ಊದಿದ. ಅವರು ಒಳಗೆ ಹೋಗಿ ಕಿಟಕಿಯ ಹತ್ತಿರ ಕೂತರು. ಬಸ್ಸು ಹೊರಟಿತು. ನಾನು ಅದರ ಜೊತೆಗೆ ನಾಲ್ಕು ಹೆಜ್ಜೆ ನಡೆದೆ. ಕೂಗಬೇಕೆನಿಸಿತು, ಆ ಹೆಸರು ಹಿಡಿದು, ಒಂದೇ ಒಂದು ಸಲ. ನನಗಿಂತ ಮೂವತ್ತು ವರ್ಷ ದೊಡ್ಡವರು. ಬಾಯಿ ಬರಲಿಲ್ಲ.